ಸುದ್ದಿಯ ಬಾಕಿ

2025ರ ಆಗಸ್ಟ್ 25ರಿಂದ ಭಾರತೀಯ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಬಹುತೇಕ ಎಲ್ಲ ಪಾರ್ಸೆಲ್‌ಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. 800 ಡಾಲರ್‌ವರೆಗಿನ ಸರಕಿಗೆ ಸುಂಕವಿಲ್ಲ ಎಂಬ ಹಳೆಯ ರಿಯಾಯಿತಿಯನ್ನು ಅಮೆರಿಕ ಸರ್ಕಾರ ಆ ತಿಂಗಳ 29ರಿಂದ ರದ್ದು ಮಾಡಿತ್ತು. ಇನ್ನು ಮುಂದೆ ಸುಂಕವನ್ನು ಯಾರು, ಯಾವ ಹಂತದಲ್ಲಿ ವಸೂಲಿ ಮಾಡಬೇಕು ಎಂಬುದು ಟಪಾಲು ಒಯ್ಯುವ ವಿಮಾನ ಕಂಪನಿಗಳಿಗೂ ಸ್ಪಷ್ಟವಿರಲಿಲ್ಲ. ಸೇವೆ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ರಾಜಮಂಡ್ರಿಯಲ್ಲಿ, ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ ಇವತ್ತಿಗೂ ಎಬೊನೈಟ್ ಕೋಲನ್ನು ಲೇತ್‌ಗೆ ಕಟ್ಟಿ ಇಂಕ್ ಪೆನ್ನು ಕಡೆಯುವವರಿದ್ದಾರೆ. ಆ ಪೆನ್ನುಗಳನ್ನು ಬಯಸಿ ಕೊಳ್ಳುವವರಲ್ಲಿ ಪರದೇಶದ ಹವ್ಯಾಸಿಗಳು ಬಹಳ. ಎಷ್ಟೋ ಸಲ ಅವರೆಲ್ಲ ಒಟ್ಟುಗೂಡಿ, ಮುಂಗಡ ಹಣ ಕೊಟ್ಟು, ಒಂದೇ ಮಾದರಿಯ ಪೆನ್ನುಗಳನ್ನು ಮಾಡಿಸಿಕೊಳ್ಳುತ್ತಾರೆ. ಆ ಏಳು ವಾರಗಳಲ್ಲಿ ಹಾಗೆ ಹಣ ಕೊಟ್ಟು ಕಾಯುತ್ತಿದ್ದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಆಗಸ್ಟ್ 26ಕ್ಕೇ ನಾಲ್ಕು ಸಾಲಿನ ಪತ್ರ ಬಂತು: ಪೆನ್ನು ಸಿದ್ಧವಿದೆ, ಅಂಚೆ ನಿಂತಿದೆ, ಖಾಸಗಿ ಕೊರಿಯರ್‌ಗೆ ಇಷ್ಟು ಹೆಚ್ಚು ಖರ್ಚು, ಕಾಯುತ್ತೀರೋ ಕಳಿಸಲೋ ಹೇಳಿ. ಇನ್ನೊಬ್ಬರಿಗೆ ಏನೂ ಬರಲಿಲ್ಲ. ಕೊನೆಗೆ ಇಬ್ಬರ ಪೆಟ್ಟಿಗೆಗಳೂ ಒಂದೇ ದಿನ ತಲುಪಿದವು ಎಂದುಕೊಳ್ಳೋಣ. ಆದರೂ ಇಬ್ಬರಿಗೆ ಸಿಕ್ಕದ್ದು ಒಂದೇ ಅಲ್ಲ ಎಂದು ನಾನು ವಾದಿಸುತ್ತೇನೆ.

ಹೀಗೆ ಒಟ್ಟುಗೂಡಿ ಕೊಳ್ಳುವುದಕ್ಕೆ ಗ್ರೂಪ್ ಬೈ ಎನ್ನುತ್ತಾರೆ; ಅದು ಏನೆಂದು ಹವ್ಯಾಸಿಗಳಲ್ಲದವರಿಗೆ ಸ್ವಲ್ಪ ಹೇಳಬೇಕು. ಅಂಗಡಿಯಲ್ಲಿ ಸಿಗದ ವಸ್ತುವನ್ನು ಒಂದಷ್ಟು ಜನ ಸೇರಿ ಕಾರ್ಖಾನೆಯಿಂದ ಮಾಡಿಸಿಕೊಳ್ಳುವ ಪದ್ಧತಿ ಇದು. ಇಷ್ಟಕ್ಕಿಂತ ಕಡಿಮೆಯಾದರೆ ಮಾಡುವುದಿಲ್ಲ ಎಂದು ಕಾರ್ಖಾನೆ ಹೇಳುತ್ತದೆ. ಅಷ್ಟು ಜನರನ್ನು ಕೂಡಿಸಲು ಒಬ್ಬರು ಮುಂದೆ ಬರುತ್ತಾರೆ. ಕಂಪ್ಯೂಟರ್ ಕೀಬೋರ್ಡ್ ಪ್ರಿಯರಲ್ಲಿ ಇದು ಪೂರ್ಣವಾಗಿ ವಿಕಾಸಗೊಂಡಿದೆ. ಒಬ್ಬ ವಿನ್ಯಾಸಕಾರ ಕೀಲಿಗಳ ಮೇಲಿನ ಟೋಪಿಗಳಿಗೆ, ಅಂದರೆ ಕೀಕ್ಯಾಪ್‌ಗಳಿಗೆ, ಹೊಸ ಬಣ್ಣಸಂಯೋಜನೆ ಮಾಡುತ್ತಾನೆ. ಎಷ್ಟು ಜನಕ್ಕೆ ಆಸಕ್ತಿ ಇದೆ ಎಂದು ಮೊದಲು ವಿಚಾರಿಸುತ್ತಾನೆ. ಆಮೇಲೆ ಸುಮಾರು ಒಂದು ತಿಂಗಳು ಹಣ ಕಟ್ಟಲು ಅವಕಾಶ. ಗಡುವು ಮುಗಿದ ಮೇಲೆ ಆರ್ಡರ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿಂದ ಸರಕು ಒಂದೊಂದು ಭೂಭಾಗದ ಮಾರಾಟಗಾರನ ಬಳಿ ಬಂದು, ಅವನ ಕೈಯಿಂದ ಮನೆಮನೆಗೆ ಹಂಚಿಕೆಯಾಗುತ್ತದೆ. ಬೆಂಗಳೂರಿನ ಹವ್ಯಾಸಿಗಳು ಇನ್ನೂ ಸಣ್ಣ ಪ್ರಮಾಣದಲ್ಲೂ ಮಾಡುತ್ತಾರೆ: ಹತ್ತು ಹದಿನೈದು ಗೆಳೆಯರು ಒಂದೇ ಪೆಟ್ಟಿಗೆಯಲ್ಲಿ ತರಿಸಿ ಸಾಗಣೆ ಖರ್ಚು ಹಂಚಿಕೊಳ್ಳುತ್ತಾರೆ, ಒಬ್ಬನ ವಿಳಾಸಕ್ಕೆ ಎಲ್ಲರ ವಸ್ತು ಬರುತ್ತದೆ.

ಹಣ ಕಟ್ಟುವ ಕ್ಷಣದವರೆಗೆ ಕೊಳ್ಳುವವರಿಗೆ ಬಲವಿದೆ. ಬಣ್ಣ ಸರಿಯಿಲ್ಲ ಎನ್ನಬಹುದು, ಬೆಲೆ ಜಾಸ್ತಿ ಎನ್ನಬಹುದು, ಬೇಡ ಎಂದು ಸುಮ್ಮನಿರಬಹುದು. ಕಟ್ಟಿದ ಮರುಕ್ಷಣ ಆ ಬಲ ಅಷ್ಟೂ ಆಯೋಜಕರ ಕೈಗೆ ಹೋಗುತ್ತದೆ. ವಸ್ತು ಎಲ್ಲಿದೆ, ಯಾವ ಹಂತದಲ್ಲಿದೆ, ಕಾರ್ಖಾನೆಯವರು ಏನು ಬರೆದರು ಎಂಬುದೆಲ್ಲ ಒಬ್ಬರಿಗೆ ಗೊತ್ತು, ಉಳಿದ ನೂರು ಜನಕ್ಕೆ ಗೊತ್ತಿಲ್ಲ. ಅಪಾಯ ಹೊತ್ತವರು ನೂರು ಜನ, ಅಪಾಯದ ಅಳತೆ ತಿಳಿದವರು ಒಬ್ಬರು. ಆದ್ದರಿಂದ ಸಾಗಣೆಯ ಸುದ್ದಿಯನ್ನು ಆಯೋಜಕರ ಸೌಜನ್ಯ ಎಂದು ನೋಡುವುದು ತಪ್ಪು. ಅದು ಪಡೆದ ಮುಂಗಡದ ಜೊತೆಗೇ ಹುಟ್ಟಿದ ಸಾಲ. ವಸ್ತುವಿನ ಸಾಲ ವರ್ಷದ ಕೊನೆಗೆ ತೀರಬಹುದು, ಸುದ್ದಿಯ ಸಾಲ ಪ್ರತಿ ತಿಂಗಳೂ ತೀರಬೇಕು.

ನಮ್ಮಲ್ಲಿ ಚೀಟಿ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ತಿಂಗಳ ಇಂಥ ತಾರೀಖು ಎಂದರೆ ಅವತ್ತು ಸೇರಲೇಬೇಕು. ಕೂಗುವವರು ಕಡಿಮೆ ಇದ್ದರೂ, ಒಬ್ಬಿಬ್ಬರ ಕಂತು ಬಾರದಿದ್ದರೂ ಲೆಕ್ಕ ಎಲ್ಲರ ಮುಂದೆ ಓದಬೇಕು. ಒಂದು ತಿಂಗಳು ಕೂಟ ತಪ್ಪಿದರೆ, ಹಣ ಭದ್ರವಾಗಿದ್ದರೂ, ಮಾರನೆಯ ದಿನ ಬಾಗಿಲಿಗೆ ಜನ ಬರುತ್ತಾರೆ. ಅವರು ಬರುವುದು ಅಪನಂಬಿಕೆಯ ಸ್ವಭಾವದಿಂದಲ್ಲ. ನಂಬಿಕೆ ನಿಂತಿರುವುದೇ ಆ ತಾರೀಖಿನ ಮೇಲೆ.

ಗ್ರೂಪ್ ಬೈಗಳಲ್ಲಿ ಈ ತಾರೀಖಿನ ಶಿಸ್ತು ಅಪರೂಪ. ಹೆಚ್ಚಿನ ಆಯೋಜಕರು, ಅದರಲ್ಲೂ ಪ್ರಾಮಾಣಿಕರಾದವರೇ, ಹೇಳುವಂಥದ್ದು ಏನಾದರೂ ಆದಾಗ ಹೇಳೋಣ ಎಂದುಕೊಳ್ಳುತ್ತಾರೆ. ಇಲ್ಲೇ ಕೆಡುವುದು. ಏನೂ ಆಗದ ತಿಂಗಳುಗಳೇ ಕಾಯುವವರಿಗೆ ಅತಿ ಕಷ್ಟದ ತಿಂಗಳುಗಳು. ಸಾಲಿನಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಪ್ರಬಂಧವೊಂದು ಇವತ್ತಿಗೂ ಚರ್ಚೆಯಲ್ಲಿದೆ. ಕೊನೆ ಗೊತ್ತಿಲ್ಲದ ಕಾಯುವಿಕೆ ಕೊನೆ ಗೊತ್ತಿರುವ ಕಾಯುವಿಕೆಗಿಂತ ದೀರ್ಘವಾಗಿ ಅನಿಸುತ್ತದೆ, ಕಾರಣ ಹೇಳದ ಕಾಯುವಿಕೆ ಕಾರಣ ಹೇಳಿದ್ದಕ್ಕಿಂತ ದೀರ್ಘವಾಗಿ ಅನಿಸುತ್ತದೆ ಎಂಬುದು ಅದರ ಮುಖ್ಯ ಮಾತುಗಳಲ್ಲಿ ಎರಡು. ಮೈಸ್ಟರ್ ಬರೆದದ್ದು ನಿಮಿಷಗಳ, ಗಂಟೆಗಳ ಕಾಯುವಿಕೆಯ ಬಗ್ಗೆ. ತಿಂಗಳುಗಟ್ಟಲೆ ಕಾಯುವಾಗ, ಅದೂ ಕೈಯಿಂದ ಹಣ ಹೋದ ಮೇಲೆ, ಆ ಮಾತಿನ ತೂಕ ಇನ್ನೂ ಹೆಚ್ಚು. ಸುದ್ದಿ ಇಲ್ಲದ ಜಾಗವನ್ನು ಮನಸ್ಸು ಖಾಲಿ ಬಿಡುವುದಿಲ್ಲ. ಯಾರೋ ಎಲ್ಲೋ ಓಡಿಹೋದ ಕಥೆಯನ್ನು ತಂದು ತುಂಬುತ್ತದೆ.

ಹಾಗಾದರೆ ಏನೂ ನಡೆಯದಿದ್ದಾಗ ಏನು ಬರೆಯುವುದು? ಇದ್ದದ್ದನ್ನೇ. “ಇವತ್ತು 15. ಬಣ್ಣದ ಎರಡನೇ ಮಾದರಿ ಕಾರ್ಖಾನೆಯಿಂದ ಇನ್ನೂ ಬಂದಿಲ್ಲ. 8ನೇ ತಾರೀಖು ಕೇಳಿ ಬರೆದಿದ್ದೇನೆ, ಉತ್ತರವಿಲ್ಲ. ಈ ವಾರ ಫೋನ್ ಮಾಡುತ್ತೇನೆ. ಮಾದರಿ ಒಪ್ಪಿಗೆಯಾಗುವವರೆಗೆ ತಯಾರಿಕೆಯ ದಿನ ಹೇಳಲಾರೆ. ಮುಂದಿನ ಸುದ್ದಿ 1ಕ್ಕೆ.” ಇದರಲ್ಲಿ ಒಂದೂ ಒಳ್ಳೆಯ ಸುದ್ದಿಯಿಲ್ಲ. ಆದರೂ ಇದನ್ನು ಓದಿದವರು ಹದಿನೈದು ದಿನ ನೆಮ್ಮದಿಯಾಗಿರುತ್ತಾರೆ, ಏಕೆಂದರೆ ಗೊತ್ತಿರುವುದು, ಗೊತ್ತಿಲ್ಲದ್ದು, ಮಾಡಲಿರುವುದು ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಮತ್ತೆ ಯಾವಾಗ ಕೇಳಬೇಕು ಎಂಬುದೂ ಗೊತ್ತಾಗುತ್ತದೆ. ಗ್ರೂಪಿನಲ್ಲಿ ದಿನಕ್ಕೆ ಹತ್ತು ಸಲ “ಅಣ್ಣಾ, ಏನಾದ್ರೂ ಅಪ್‌ಡೇಟ್ ಇದೆಯಾ?” ಎಂಬ ಪ್ರಶ್ನೆ ಬರುತ್ತದೆ ಎಂದು ಬೇಸರಪಡುವ ಆಯೋಜಕರು, ಆ ಪ್ರಶ್ನೆಗೆ ಒಂದು ದಿನ ಗೊತ್ತುಮಾಡಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಈಗ ದಿನಾಂಕದ ವಿಷಯ. ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಒಂದೇ ದಿನಾಂಕ ಕೊಡುವುದು ಸಜ್ಜನರು ಮಾಡುವ ತಪ್ಪು. ಕೇಳಿದವರಿಗೆ ಸಮಾಧಾನವಾಗಲಿ ಎಂದು “ಮಾರ್ಚ್” ಎನ್ನುತ್ತಾರೆ. ಮನುಷ್ಯನ ಅಂದಾಜು ಎಷ್ಟು ಕೆಟ್ಟದ್ದು ಎಂಬುದಕ್ಕೆ 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ ಕಣ್ತೆರೆಸುವಂಥದು. ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ ಎಂದು ಕೇಳಿದಾಗ ಸುಮಾರು 49. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಅಂದರೆ ಅತಿ ಕೆಟ್ಟದ್ದನ್ನು ಊಹಿಸಿಕೊಂಡರೂ ನಾವು ಸಾಕಷ್ಟು ಕೆಟ್ಟದ್ದನ್ನು ಊಹಿಸುವುದಿಲ್ಲ. ಅದು ತನ್ನ ಮೇಜಿನ ಮೇಲೆ ತಾನೊಬ್ಬನೇ ಮಾಡುವ ಕೆಲಸ. ಗ್ರೂಪ್ ಬೈಯಲ್ಲಿ ಕಾರ್ಖಾನೆ, ಬಣ್ಣ ಪೂರೈಸುವವರು, ಹಡಗು, ಕಸ್ಟಮ್ಸ್, ಹಂಚಿಕೆಗಾರ ಎಲ್ಲರ ಅಂದಾಜುಗಳೂ ಒಂದರ ಮೇಲೊಂದು ಕೂತಿರುತ್ತವೆ.

ಇನ್ನೊಂದು ಅಂಶ ಹೆಚ್ಚು ಸ್ವಾರಸ್ಯದ್ದು. ಜನರಿಂದ ಮುಂಗಡ ಎತ್ತಿ ವಸ್ತು ಮಾಡುವ ಕಿಕ್‌ಸ್ಟಾರ್ಟರ್ ಯೋಜನೆಗಳನ್ನು ಪರಿಶೀಲಿಸಿ ಈಥನ್ ಮೊಲಿಕ್ 2014ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಶೇ. 75ಕ್ಕೂ ಹೆಚ್ಚು ಯೋಜನೆಗಳು ಹೇಳಿದ್ದಕ್ಕಿಂತ ತಡವಾಗಿ ವಸ್ತು ಕೊಟ್ಟವು. ಹಣ ಹೆಚ್ಚು ಬಂದಷ್ಟೂ ತಡವೂ ಹೆಚ್ಚು. ಪೆಬಲ್ ಗಡಿಯಾರ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. 2012ರಲ್ಲಿ ಒಂದು ಲಕ್ಷ ಡಾಲರ್ ಕೇಳಿದ್ದರು, ಒಂದು ಕೋಟಿ ಡಾಲರ್ ದಾಟಿತು. ಸೆಪ್ಟೆಂಬರ್‌ಗೆ ಎಂದಿದ್ದ ಗಡಿಯಾರಗಳು ಹೊರಡತೊಡಗಿದ್ದು ಮರುವರ್ಷದ ಜನವರಿಯಲ್ಲಿ. ಸಾವಿರ ಮಾಡುವ ವಿಧಾನವೇ ಬೇರೆ, ಎಪ್ಪತ್ತು ಸಾವಿರ ಮಾಡುವ ವಿಧಾನವೇ ಬೇರೆ. ಆದ್ದರಿಂದ ನೂರು ಜನ ಸೇರುತ್ತಾರೆಂದು ಹಾಕಿದ ದಿನಾಂಕವನ್ನು ಐನೂರು ಜನ ಸೇರಿದ ದಿನವೇ ಬದಲಾಯಿಸಬೇಕು. ಯಶಸ್ಸಿನ ಸಂಭ್ರಮದಲ್ಲಿ ಈ ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಿದರೆ ಕೊಳ್ಳುವವರು ಬೇಸರಪಡುವುದೂ ಇಲ್ಲ. ಎಲ್ಲರೂ ಖುಷಿಯಲ್ಲಿರುವ ಆ ದಿನವೇ ತಡದ ಮಾತು ಹೇಳಲು ಅತ್ಯಂತ ಸುಲಭದ ದಿನ.

ದಿನಾಂಕದ ಬದಲು ಹಂತಗಳನ್ನು ಹೇಳುವುದು ಹೆಚ್ಚು ಸತ್ಯ. ಕೀಕ್ಯಾಪ್‌ಗಳನ್ನೇ ನೋಡಿ. ಒಳ್ಳೆಯ ಜಾತಿಯವನ್ನು ಎರಡು ಬಣ್ಣದ ಪ್ಲಾಸ್ಟಿಕ್‌ಗಳನ್ನು ಒಂದರೊಳಗೊಂದು ಎರಕ ಹೊಯ್ದು ಮಾಡುತ್ತಾರೆ. ಅಕ್ಷರ ಮೇಲೆ ಮುದ್ರಿಸಿದ್ದಲ್ಲವಾದ್ದರಿಂದ ಅಳಿಸಿಹೋಗುವುದಿಲ್ಲ. ಈ ಕೆಲಸಕ್ಕೆ ಹೆಸರಾದ ಜರ್ಮನಿಯ ಜಿಎಂಕೆ ಕಂಪನಿ, ಚೆರ್ರಿ ಕಂಪನಿಯ ಹಳೆಯ ಅಚ್ಚುಗಳನ್ನು ಪಡೆದು ಮುಂದುವರಿಸಿಕೊಂಡು ಬಂದದ್ದು. ಮೊದಲು ಬಣ್ಣದ ಮಾದರಿ ಬರಬೇಕು. ವಿನ್ಯಾಸಕಾರ ಅದನ್ನು ಹಗಲು ಬೆಳಕಿಗೆ ಹಿಡಿದು ನೋಡಿ, ನೀಲಿ ಸ್ವಲ್ಪ ಹಸಿರಿಗೆ ಓಡಿದೆ ಎಂದು ವಾಪಸು ಕಳಿಸಬಹುದು. ಅಲ್ಲಿಗೆ ಕೆಲವು ವಾರಗಳು ಹೋದವು. ಮಾದರಿ ಒಪ್ಪಿಗೆಯಾದ ಮೇಲೂ ಕಾರ್ಖಾನೆಯ ಸರದಿಯಲ್ಲಿ ನಿಲ್ಲಬೇಕು. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವವರೆಲ್ಲ ಒಳ್ಳೆಯ ಕೀಬೋರ್ಡ್ ಹುಡುಕತೊಡಗಿದಾಗ ಆ ಸರದಿ ಎಷ್ಟು ಉದ್ದವಾಯಿತೆಂದರೆ, ವರ್ಷಕ್ಕೂ ಹೆಚ್ಚು ಕಾಯುವುದು ಸಾಮಾನ್ಯವಾಯಿತು. ಪೆನ್ನಿನ ಕಥೆಯೂ ಇದೇ ಜಾಡಿನದು. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿಮಾಡಿದ ಎಬೊನೈಟ್ ಕೋಲು ಬರಬೇಕು, ನಿಬ್ ಎಷ್ಟೋ ಸಲ ಜರ್ಮನಿಯಿಂದ ಬರಬೇಕು, ಆಮೇಲೆ ಒಬ್ಬ ಕುಶಲಕರ್ಮಿ ಒಂದೊಂದನ್ನೂ ಕಡೆದು, ಉಜ್ಜಿ, ಹೊಳಪು ಕೊಟ್ಟು, ಶಾಯಿ ಹರಿಯುತ್ತದೆಯೇ ಎಂದು ಬರೆದು ನೋಡಬೇಕು. ಅವರಿಗೆ ಜ್ವರ ಬಂದರೆ ಇಡೀ ಆರ್ಡರ್‌ಗೇ ಜ್ವರ.

ಈ ಹಂತಗಳನ್ನು ಹಣ ಕೇಳುವಾಗಲೇ ಬರೆದು ಕೊಟ್ಟರೆ, ಈಗ ಮೂರನೆಯ ಹಂತದಲ್ಲಿದ್ದೇವೆ ಎಂಬ ಒಂದು ವಾಕ್ಯಕ್ಕೆ ಅರ್ಥ ಬರುತ್ತದೆ. ಪ್ರತಿ ಹಂತಕ್ಕೂ ಕನಿಷ್ಠ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಹೇಳಬಹುದು. ಮುಂಚೆಯೇ ಗೊತ್ತಿರುವ ತಡೆಗಳನ್ನು ಅನಿರೀಕ್ಷಿತ ಎಂದು ಹೇಳಬಾರದು ಎಂಬುದೂ ಇದರೊಳಗೇ ಬರುತ್ತದೆ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿದ್ದು ಅನಿರೀಕ್ಷಿತ. ಅದಕ್ಕೆ ಯಾವ ಆಯೋಜಕರನ್ನೂ ದೂರುವಂತಿಲ್ಲ. ಚೀನಾದ ಹೊಸವರ್ಷ ಹಾಗಲ್ಲ. ಪ್ರತಿ ವರ್ಷ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ, ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ, ಊರಿಗೆ ಹೋದ ಕೆಲಸಗಾರರು ನಿಧಾನವಾಗಿ ಮರಳುತ್ತಾರೆ. ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಹಬ್ಬವನ್ನು ತಡಕ್ಕೆ ಕಾರಣವೆಂದು ಫೆಬ್ರವರಿಯಲ್ಲಿ ಬರೆಯುವವರು, ನವೆಂಬರ್‌ನಲ್ಲಿ ಹಣ ತೆಗೆದುಕೊಳ್ಳುವಾಗ ಅದನ್ನು ಏಕೆ ಹೇಳಲಿಲ್ಲ?

ಟ್ರ್ಯಾಕಿಂಗ್ ನಂಬರ್ ಬಂದ ಕೂಡಲೇ ಎಲ್ಲ ಮುಗಿಯಿತು ಎಂಬ ಭಾವನೆ ಎರಡೂ ಕಡೆ ಇದೆ. ಆಯೋಜಕರು ಕೈತೊಳೆದುಕೊಳ್ಳುತ್ತಾರೆ, ಕೊಳ್ಳುವವರು ಗಂಟೆಗೊಮ್ಮೆ ನೋಡತೊಡಗುತ್ತಾರೆ. ಆ ನಂಬರ್ ಹೇಳುವುದು ಎಷ್ಟು ಕಡಿಮೆ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ. ಅಂತರರಾಷ್ಟ್ರೀಯ ಅಂಚೆಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ದೇಶದ ಎರಡು ಅಕ್ಷರ ಹೀಗೆ ಹದಿಮೂರು ಸ್ಥಾನಗಳ ಆ ಸಂಖ್ಯೆ ಪೆಟ್ಟಿಗೆಯ ಜೊತೆ ಇರುತ್ತದೆ, ನಿಜ. ಆದರೆ ಅದು ತಾನಾಗಿ ಮಾತಾಡುವುದಿಲ್ಲ, ಯಾರಾದರೂ ಸ್ಕ್ಯಾನ್ ಮಾಡಿದಾಗ ಮಾತ್ರ ಮಾತಾಡುತ್ತದೆ. ಲೇಬಲ್ ಮುದ್ರಿಸಿದೊಡನೆ ನಂಬರ್ ಹುಟ್ಟುತ್ತದೆ, ಪೆಟ್ಟಿಗೆ ಇನ್ನೂ ಆಯೋಜಕರ ಮನೆಯ ನಡುಮನೆಯಲ್ಲೇ ಇರಬಹುದು. ಕಳಿಸುವ ದೇಶದ ಕೊನೆಯ ಕೇಂದ್ರದಿಂದ ಹೊರಟ ಮೇಲೆ ಇಳಿಯುವ ದೇಶದ ಮೊದಲ ಕೇಂದ್ರದಲ್ಲಿ ಚೀಲ ಬಿಚ್ಚುವವರೆಗೆ ಒಂದು ಉದ್ದನೆಯ ಮೌನವಿರುತ್ತದೆ. ಪೆಟ್ಟಿಗೆ ಕಳೆದುಹೋಗಿದೆ ಎಂಬ ಗಾಬರಿಯ ಪತ್ರಗಳು ಬರುವುದು ಈ ಮೌನದಲ್ಲೇ. ನಂಬರ್ ಕೊಡುವಾಗಲೇ “ಹೊರಟಿತು ಎಂದು ತೋರಿಸಿದ ಮೇಲೆ ಎರಡು ಮೂರು ವಾರ ಏನೂ ಬದಲಾಗದಿರಬಹುದು, ಅದು ಸಹಜ, ನಾಲ್ಕನೆಯ ವಾರವೂ ಹಾಗೇ ಇದ್ದರೆ ನನಗೆ ತಿಳಿಸಿ, ನಾನು ದೂರು ಕೊಡುತ್ತೇನೆ” ಎಂದು ಬರೆದರೆ ಆ ಗಾಬರಿಯ ಮುಕ್ಕಾಲು ಭಾಗ ಹುಟ್ಟುವುದೇ ಇಲ್ಲ.

ಭಾರತಕ್ಕೆ ತರಿಸುವವರಿಗೆ ಇನ್ನೆರಡು ಮಾತು ಮೊದಲೇ ಹೇಳಬೇಕು. ಕಸ್ಟಮ್ಸ್ ಸುಂಕ ಬೀಳುವುದು ವಸ್ತುವಿನ ಬೆಲೆಗೆ ಮಾತ್ರವಲ್ಲ. ಸಾಗಣೆ ಮತ್ತು ವಿಮೆಯ ಖರ್ಚನ್ನೂ ಕೂಡಿಸಿದ ಮೊತ್ತಕ್ಕೆ. ಕೊರಿಯರ್‌ನಲ್ಲಿ ಬಂದರೆ ಪಡೆಯುವವರ ಗುರುತಿನ ದಾಖಲೆ ಕೊಡುವವರೆಗೆ ಪೆಟ್ಟಿಗೆ ಮುಂದೆ ಹೋಗುವುದಿಲ್ಲ. ಆ ಸಂದೇಶವನ್ನು ಮೋಸದ ಸಂದೇಶವೆಂದು ಅಳಿಸಿಹಾಕಿ ದಿನಗಟ್ಟಲೆ ಕಾಯುವವರಿದ್ದಾರೆ. ಹತ್ತು ಜನರ ವಸ್ತು ಒಂದೇ ಪೆಟ್ಟಿಗೆಯಲ್ಲಿದ್ದರೆ ಒಬ್ಬನ ದಾಖಲೆಗೆ ಹತ್ತೂ ಜನ ಕಾಯಬೇಕು, ಒಟ್ಟು ಮೌಲ್ಯದ ಮೇಲೆ ಬಿದ್ದ ಸುಂಕವನ್ನು ಹೇಗೆ ಹಂಚುವುದೆಂಬ ಜಗಳವೂ ಆಗಲೇ ಹುಟ್ಟುತ್ತದೆ. ಆ ಲೆಕ್ಕ ಹಣ ಕಟ್ಟುವ ದಿನವೇ ಆಗಿರಬೇಕಿತ್ತು.

ಇಲ್ಲಿ ಆಯೋಜಕರ ಪರವಾದ ವಾದವನ್ನು ಪೂರ್ಣ ಗೌರವದಿಂದ ಕೇಳಬೇಕು. ಅವರಲ್ಲಿ ಬಹುಪಾಲು ಜನ ವ್ಯಾಪಾರಿಗಳಲ್ಲ. ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಊಟವಾದ ಮೇಲೆ ಬಬಲ್ ರ‍್ಯಾಪ್ ಸುತ್ತುತ್ತಾ ಕೂರುವವರು. ಲಾಭ ಅಷ್ಟಕ್ಕಷ್ಟೇ, ಎಷ್ಟೋ ಸಲ ಇಲ್ಲವೇ ಇಲ್ಲ. ಅಂಥವರಿಗೆ ದೊಡ್ಡ ಆನ್‌ಲೈನ್ ಅಂಗಡಿಯವರಂತೆ ಗಳಿಗೆಗಳಿಗೆಗೂ ಸುದ್ದಿ ಕೊಡಿ ಎಂದರೆ ಅನ್ಯಾಯ. ನಾನು ಕೇಳುತ್ತಿರುವುದು ಅದನ್ನಲ್ಲ. ತಿಂಗಳಿಗೆರಡು ಸಲ, ಹೇಳಿದ ದಿನ, ಐದು ಸಾಲು. ಇದರಿಂದ ಅವರ ಕೆಲಸ ಹೆಚ್ಚುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಕೆಲಸ ತಪ್ಪುತ್ತದೆ. ಬಿಟ್ಟಿ ಸೇವೆ ಮಾಡುತ್ತಿದ್ದೇನೆ, ಆದ್ದರಿಂದ ಲೆಕ್ಕ ಕೇಳಬೇಡಿ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಶ್ರಮ ಉಚಿತವಾಗಿರಬಹುದು, ಕೈಯಲ್ಲಿರುವ ಹಣ ಇನ್ನೊಬ್ಬರದು.

ಕೊಳ್ಳುವವರಿಗೂ ಹೊಣೆ ಇದೆ. ಕೊಟ್ಟ ಸುದ್ದಿಯನ್ನು ಓದದೆ ಅದನ್ನೇ ಮತ್ತೆ ಕೇಳುವುದು, ಕೆಟ್ಟ ಸುದ್ದಿ ಹೇಳಿದ ದಿನ ಹೇಳಿದವರ ಮೇಲೆ ಎಲ್ಲರೂ ಮುಗಿಬೀಳುವುದು, ಇವೆರಡೂ ಆಯೋಜಕರನ್ನು ಮೌನದ ಕಡೆಗೆ ತಳ್ಳುತ್ತವೆ. ಸತ್ಯ ಹೇಳಿದವರಿಗೆ ಬೈಗುಳವೇ ಸಿಗುವುದಾದರೆ ಮುಂದಿನ ಸಲ ಸಿಹಿಮಾತೇ ಬರುತ್ತದೆ.

ಸಿಹಿಮಾತು ಮೌನಕ್ಕಿಂತ ಅಪಾಯಕಾರಿ. 2012ರಲ್ಲಿ ಅಮೆರಿಕದಲ್ಲಿ “ದ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ” ಎಂಬ ಬೋರ್ಡ್ ಗೇಮ್‌ಗಾಗಿ 1,246 ಜನ 1,22,000ಕ್ಕೂ ಹೆಚ್ಚು ಡಾಲರ್ ಕೊಟ್ಟರು. ಕೆಲಸ ಮುಂದುವರಿದಿದೆ ಎಂಬ ಸುದ್ದಿಗಳು ಸಾಲಾಗಿ ಬರುತ್ತಲೇ ಇದ್ದವು. ಹದಿನಾಲ್ಕು ತಿಂಗಳ ನಂತರ ಯೋಜನೆಯೇ ರದ್ದಾಯಿತು ಎಂಬ ಪ್ರಕಟಣೆ ಬಂತು. ಹಣದ ಬಹುಪಾಲು ಆಯೋಜಕರ ಮನೆ ಬಾಡಿಗೆ ಮುಂತಾದ ಸ್ವಂತ ಖರ್ಚಿಗೆ ಹೋಗಿತ್ತೆಂದು ಆರೋಪಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣ 2015ರಲ್ಲಿ ರಾಜಿಯಲ್ಲಿ ಇತ್ಯರ್ಥವಾಯಿತು. ಆಟವನ್ನು ಕೊನೆಗೆ ಬೇರೊಂದು ಪ್ರಕಾಶನ ಸಂಸ್ಥೆ ಹೊರತಂದು, ಹಣ ಕೊಟ್ಟಿದ್ದವರಿಗೆ ಪ್ರತಿಗಳನ್ನು ಕೊಟ್ಟಿತು. ಸುದ್ದಿ ಬರುತ್ತಿದೆ ಎಂಬುದೇ ಭದ್ರತೆಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ಸುದ್ದಿಯ ಜೊತೆ ಪರಿಶೀಲಿಸಬಹುದಾದದ್ದು ಏನಾದರೂ ಇರಬೇಕು: ಕಾರ್ಖಾನೆಯ ರಸೀದಿ, ಬಣ್ಣದ ಮಾದರಿಯ ಫೋಟೊ, ಅರ್ಧ ಕಡೆದ ಪೆನ್ನುಗಳ ಸಾಲು. ಚಂದದ ಫೋಟೊ ಬೇಡ, ಇವತ್ತಿನ ಫೋಟೊ ಸಾಕು.

ಕಾನೂನು ಇದನ್ನೆಲ್ಲ ಎಷ್ಟು ಮುಟ್ಟುತ್ತದೆ? ನಮ್ಮ 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎನ್ನುತ್ತವೆ. ಆದರೆ ವೃತ್ತಿಯಾಗಿಯೋ ವ್ಯಾಪಾರವಾಗಿಯೋ ನಿಯತವಾಗಿ ಮಾಡದೆ, ವೈಯಕ್ತಿಕ ನೆಲೆಯಲ್ಲಿ ಮಾಡುವ ವ್ಯಕ್ತಿಗೆ ಅವು ಅನ್ವಯಿಸುವುದಿಲ್ಲ. ಗೆಳೆಯರ ಗ್ರೂಪಿನಲ್ಲಿ ವರ್ಷಕ್ಕೊಮ್ಮೆ ಹಣ ಕೂಡಿಸುವವರು ಹೀಗೆ ನಿಯಮದ ಹೊರಗೆ ಉಳಿಯುತ್ತಾರೆ. ಅಲ್ಲಿ ಕಾನೂನಿನ ಜಾಗವನ್ನು ಮಾತು ತುಂಬಬೇಕು, ಮತ್ತು ಆ ಮಾತಿಗೆ ಒಂದು ಒಳ್ಳೆಯ ಮಾದರಿ ಬಹಳ ಹಿಂದೆಯೇ ಸಿದ್ಧವಾಗಿದೆ. ಟಪಾಲಿನಲ್ಲಿ ಸರಕು ಮಾರುವವರಿಗಾಗಿ ಅಮೆರಿಕದ ಅದೇ ಕಮಿಷನ್ 1975ರಲ್ಲಿ ಒಂದು ನಿಯಮ ಮಾಡಿತು. ಈಗ ಅದು ಇಂಟರ್ನೆಟ್ ವ್ಯಾಪಾರಕ್ಕೂ ಅನ್ವಯಿಸುತ್ತದೆ. ಹೇಳಿದ ಅವಧಿಯಲ್ಲಿ, ಏನೂ ಹೇಳದಿದ್ದರೆ ಸಾಮಾನ್ಯವಾಗಿ 30 ದಿನದಲ್ಲಿ, ಕಳಿಸಲಾಗದಿದ್ದರೆ ಮಾರುವವರೇ ಮುಂದಾಗಿ ತಿಳಿಸಬೇಕು, ಹೊಸ ದಿನ ಹೇಳಬೇಕು, ಹಣ ವಾಪಸು ಪಡೆಯುವ ಅವಕಾಶ ಕೊಡಬೇಕು. ಮೊದಲ ತಡ 30 ದಿನದೊಳಗಿನದಾದರೆ ಕೊಳ್ಳುವವರ ಮೌನವನ್ನು ಒಪ್ಪಿಗೆ ಎನ್ನಬಹುದು. ಅದಕ್ಕಿಂತ ಹೆಚ್ಚಾದರೆ, ಅಥವಾ ಯಾವಾಗ ಎಂದು ಹೇಳಲಾಗದಿದ್ದರೆ, ಕಾಯುತ್ತೇನೆ ಎಂದು ಅವರೇ ಹೇಳಬೇಕು. ಹೇಳದಿದ್ದರೆ ಹಣ ವಾಪಸು.

ಇದನ್ನು ಗ್ರೂಪ್ ಬೈಗೆ ಹಾಗೇ ತಂದು ಕೂರಿಸಲಾಗದು ಎಂಬುದು ನಿಜ, ಏಕೆಂದರೆ ಕಾರ್ಖಾನೆಗೆ ಹೋದ ಹಣ ವಾಪಸು ಬರುವುದಿಲ್ಲ. ಇಪ್ಪತ್ತು ಜನ ಬಿಟ್ಟುಹೋದರೆ ಉಳಿದ ಎಂಬತ್ತು ಜನರ ಆರ್ಡರೇ ಬೀಳಬಹುದು. ಆದರೆ ಆಯೋಜಕರು ಅಷ್ಟನ್ನೇ ಹಣ ತೆಗೆದುಕೊಳ್ಳುವ ಮುಂಚೆ ಹೇಳಬಹುದು: ಇಂಥ ದಿನದವರೆಗೆ ಹಣ ನನ್ನ ಖಾತೆಯಲ್ಲಿರುತ್ತದೆ, ಕೇಳಿದವರಿಗೆ ಪೂರ್ತಿ ವಾಪಸು, ಆರ್ಡರ್ ಹೋದ ಮೇಲೆ ವಾಪಸಿಲ್ಲ, ಆದರೆ ನಿಮ್ಮ ಜಾಗವನ್ನು ಇನ್ನೊಬ್ಬರಿಗೆ ಮಾರಿಕೊಳ್ಳಲು ನಾನು ನೆರವಾಗುತ್ತೇನೆ, ಒಟ್ಟು ಅವಧಿಯ ಮೇಲಿನ ಮಿತಿ ದಾಟಿದ ದಿನ ಪ್ರತಿಯೊಬ್ಬರನ್ನೂ ಮತ್ತೆ ಕೇಳುತ್ತೇನೆ. ಇಷ್ಟು ಓದಿದ ಮೇಲೆ ಕೆಲವರು ಹಣ ಕಟ್ಟದೆ ಹೋಗಬಹುದು. ಅವರು ಹೋಗಬೇಕಾದ ಸರಿಯಾದ ಸಮಯವೂ ಅದೇ.